ಇಂಜೆಕ್ಷನ್ ನಿಂತುಹೋಗುತ್ತೆ ಅಂತ ಏದುಸಿರು ಮುಚ್ಚಿಟ್ಟವರು

ಇವರು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು, ಅರವತ್ತು ದಾಟಿದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ಮೂರು ವಾರಕ್ಕೊಮ್ಮೆ ಪೆಂಬ್ರೊಲಿಜುಮ್ಯಾಬ್ ಅನ್ನುವ ಇಮ್ಯುನೋಥೆರಪಿ ಇಂಜೆಕ್ಷನ್ ನಡೆಯುತ್ತಿತ್ತು. ಎರಡನೇ ಡೋಸ್ ಆದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು.

"ಕಾಫಿ ಕಣದಿಂದ ಮನೆ ಮೆಟ್ಟಿಲು ಹತ್ತೋಕೂ ಏದುಸಿರು ಮೇಡಂ. ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿದೆ. ಡಾಕ್ಟರಿಗೆ ಹೇಳ್ಬೇಡ, ಇಂಜೆಕ್ಷನ್ ನಿಲ್ಲಿಸಿಬಿಡ್ತಾರೆ ಅಂತಾರೆ."

ತೋಟ ಅಡವಿಟ್ಟು ದುಡ್ಡು ಹೊಂದಿಸಿದ ಮನೆ. ಆ ಭಯ ಸುಮ್ನೆ ಬಂದಿದ್ದಲ್ಲ. ಆದರೆ ಇದು ಕಾಯುವ ವಿಷಯವೇ ಅಲ್ಲ. ಈ ಔಷಧಿ ಕೀಮೋ ಥರ ಕೆಲಸ ಮಾಡಲ್ಲ, ನಮ್ಮ ರೋಗನಿರೋಧಕ ಶಕ್ತಿಗಿರುವ ಬ್ರೇಕ್ ತೆಗೆಯುತ್ತೆ, ಆಗ ಅದು ಕ್ಯಾನ್ಸರ್ ಜೊತೆಗೆ ಅಪರೂಪಕ್ಕೆ ಹೃದಯದ ಸ್ನಾಯುವಿನ ಮೇಲೂ ತಿರುಗಿಬೀಳುತ್ತೆ. ಇದೇ ಮಯೋಕಾರ್ಡೈಟಿಸ್. ಬರುವುದು ನೂರರಲ್ಲಿ ಒಬ್ಬರಿಗೋ ಅದಕ್ಕೂ ಕಡಿಮೆಯೋ, ಜಾಸ್ತಿ ಮೊದಲ 3 ತಿಂಗಳಲ್ಲೇ. ಬಂದರೆ ಮಾತ್ರ ಜೀವಕ್ಕೇ ಅಪಾಯ. ರೆಪ್ಪೆ ಜೋತುಬೀಳುವುದು, ಮೈಕೈ ಸ್ನಾಯು ನೋಯುವುದು ಜೊತೆಗಿದ್ದರೆ ಅನುಮಾನ ಇನ್ನೂ ಗಟ್ಟಿ.

ನಾನು ಹೇಳಿದ್ದು ಇಷ್ಟು. ಬೆಂಗಳೂರಿಗೆ ಅಂತ ಐದಾರು ಗಂಟೆ ಕಾರಿನಲ್ಲಿ ಕೂರಿಸಬೇಡಿ. ಚಿಕ್ಕಮಗಳೂರೋ ಹಾಸನವೋ, ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಎರಡೂ ಆಗುವ ಹತ್ತಿರದ ಆಸ್ಪತ್ರೆಗೆ ಈಗಲೇ ಹೊರಡಿ, ದಾರಿಯಿಂದಲೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ. ಅಲ್ಲಿ 'ಕೀಮೋ' ಅನ್ನಬೇಡಿ, 'ಇಮ್ಯುನೋಥೆರಪಿ' ಅನ್ನಿ, ಔಷಧಿ ಹೆಸರಿರುವ ಚೀಟಿ ಕೈಗೆ ಕೊಡಿ. ಇಲ್ಲದಿದ್ದರೆ ವಯಸ್ಸು, ಗ್ಯಾಸ್ಟ್ರಿಕ್ ಅಂತ ದಾರಿ ತಪ್ಪುವುದು ಸುಲಭ. ಹೃದಯದ ಸ್ಕ್ಯಾನ್ ಆದ ಎಕೋ ನಾರ್ಮಲ್ ಬಂದರೂ ಅಷ್ಟಕ್ಕೇ ನಿಶ್ಚಿಂತೆ ಬೇಡ.

ಯಜಮಾನರು ಫೋನ್ ತಗೊಂಡು ಕೇಳಿದರು, "ನಿಲ್ಲಿಸಿದ್ರೆ ನನ್ನ ಕಥೆ ಮುಗೀತಲ್ವಾ?"

"ಈ ಸ್ಥಿತಿಯಲ್ಲಿ ಇನ್ನೊಂದು ಡೋಸ್ ತಗೊಂಡ್ರೇ ಅಪಾಯ ಜಾಸ್ತಿ. ನಿಲ್ಲಿಸಿದ ಮೇಲೂ ಕೆಲವರಲ್ಲಿ ಅದರ ಗುಣ ಮುಂದುವರಿಯುತ್ತೆ ಸಾರ್" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೆಂಡತಿಗೆ, "ಜೀಪ್ ತೆಗೆಯೋಕೆ ಹೇಳು."

ಟ್ರೋಪೋನಿನ್ ಏರಿತ್ತು. ಐಸಿಯುನಲ್ಲಿಟ್ಟು ಡ್ರಿಪ್‌ನಲ್ಲಿ ಸ್ಟೀರಾಯ್ಡ್ ಕೊಟ್ಟರು. ಈಗ ಮನೆಯಲ್ಲಿದ್ದಾರೆ, ಸ್ಟೀರಾಯ್ಡ್ ಮಾತ್ರೆಯ ಪ್ರಮಾಣ ನಿಧಾನಕ್ಕೆ ಇಳಿಸುತ್ತಿದ್ದಾರೆ. ಅದನ್ನು ತಾವಾಗಿಯೇ ನಿಲ್ಲಿಸಬೇಡಿ, ಶುಗರ್ ಏರುತ್ತಾ ನೋಡಿಕೊಳ್ಳಿ ಅಂತ ಇಬ್ಬರಿಗೂ ಹೇಳಿದ್ದೇನೆ. ಗಂಡನ ಮಾತು ಮೀರಿದೆ ಅನ್ನುವ ಸಂಕಟ ಆಯಮ್ಮನಿಗೆ ಇನ್ನೂ ಇದೆ, ಮುಂದಿನ ಸಲ ಇಬ್ಬರನ್ನೂ ಕೂರಿಸಿಕೊಂಡು ಅದನ್ನೇ ಮಾತಾಡಬೇಕು. ಕ್ಯಾನ್ಸರ್‌ಗೆ ಮುಂದೇನು ಅನ್ನುವುದನ್ನು ಕ್ಯಾನ್ಸರ್ ಡಾಕ್ಟರ್, ಹೃದಯದ ಡಾಕ್ಟರ್ ಸೇರಿ ತೀರ್ಮಾನಿಸುತ್ತಾರೆ. ಕೇಳಬೇಕಾದ ಪ್ರಶ್ನೆಗಳನ್ನು ಯಜಮಾನರೇ ಬರೆದಿಡುತ್ತಿದ್ದಾರೆ.