ಹತ್ತು ಶಿಲಿಂಗಿನ ನೋಟ್‌ಬುಕ್ಕು

ಪತ್ರ: ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್‌ನ ಪುಸ್ತಕಗಳು ಬೆರಳೆಣಿಕೆಯಷ್ಟೇ ಅಚ್ಚಾದವು. ಸುಲಭಕ್ಕೆ ಸಿಗಲಿಲ್ಲ ಅಂತಲೇ ಮುಂದಿನ ಕವಿಗಳು ಅವನ ಬೆನ್ನು ಹತ್ತಿದರು. ನಮ್ಮ ಕವಿಗಳೂ ನೂರೇ ಪ್ರತಿ ತಂದರೆ ಬೆಲೆ ಬರುತ್ತದಲ್ಲವೇ?
– ಓದುಗರು, ಧಾರವಾಡ

ಉತ್ತರ: ಬ್ಲೇಕ್ ಬಗ್ಗೆ ಇಷ್ಟು ಪ್ರೀತಿಯ ಪತ್ರ ಬಂದು ಎಷ್ಟೋ ದಿನವಾಗಿತ್ತು. ಒಂದು ಮಾತು ಒಪ್ಪುತ್ತೇನೆ. ತಾಮ್ರದ ತಗಡಿನ ಮೇಲೆ ತಾನೇ ಪದ್ಯ ಬರೆದು, ಚಿತ್ರ ಬಿಡಿಸಿ, ಹೆಂಡತಿ ಕ್ಯಾಥರೀನ್ ಜೊತೆ ಕೂತು ಬಣ್ಣ ತುಂಬಿದ ಆ ಪುಟಗಳ ಚೆಲುವೇ ಬೇರೆ.

ಆದರೆ ಅವನ ಪದ್ಯ ಬೇರೆ ಕವಿಗಳಿಗೆ ಹೇಗೆ ಸಿಕ್ಕಿತು ಅಂತ ಸ್ವಲ್ಪ ನೋಡಿ. ಮಾಲ್ಕಿನ್ ಎಂಬವರು ತೀರಿಹೋದ ಮಗನ ನೆನಪಿಗೆ 1806ರಲ್ಲಿ ಒಂದು ಪುಸ್ತಕ ತಂದರು. ಅದರಲ್ಲಿ ಬ್ಲೇಕ್‌ನ ಕೆಲವು ಪದ್ಯಗಳಿದ್ದವು. ಕವಿ ವರ್ಡ್ಸ್‌ವರ್ತ್ ಮನೆಯವರು ಅಲ್ಲಿಂದಲೇ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಕವಿ ಕೋಲ್‌ರಿಜ್ 1818ರಲ್ಲಿ ಬ್ಲೇಕ್‌ನದೇ ಒಂದು ಪುಸ್ತಕವನ್ನು ಎರವಲು ತಂದು ಓದಿದ. ಯಾವ ಪದ್ಯ ಎಷ್ಟು ಹಿಡಿಸಿತು ಅಂತ ಗುರುತು ಹಾಕಿ ಪತ್ರ ಬರೆದ. 1847ರಲ್ಲಿ, ಇನ್ನೂ ಇಪ್ಪತ್ತು ತುಂಬದ ಕವಿ ರೊಸೆಟ್ಟಿ ತಮ್ಮನ ಹತ್ತಿರ ಹತ್ತು ಶಿಲಿಂಗ್ ಇಸಿದುಕೊಂಡು ಬ್ಲೇಕ್‌ನ ಕೈಬರಹದ ನೋಟ್‌ಬುಕ್ಕನ್ನೇ ಕೊಂಡ. ಗಿಲ್‌ಕ್ರಿಸ್ಟ್ ಬರೆದ ಬ್ಲೇಕ್ ಚರಿತ್ರೆ 1863ರಲ್ಲಿ ಬಂದಾಗ, ಅದರ ಜೊತೆಗಿನ ಪದ್ಯಗಳನ್ನು ಅಣಿಗೊಳಿಸಿದ್ದು ಇದೇ ರೊಸೆಟ್ಟಿ. ಆಗ ತಾನೇ ಬ್ಲೇಕ್ ಹೆಸರು ದೂರ ಹೋಗಿದ್ದು.

ಇಲ್ಲೇ ನನಗೆ ಸಂಕಟ. ರೊಸೆಟ್ಟಿ ಸಾಲುಗಳನ್ನು ತನಗೆ ಬೇಕಾದ ಹಾಗೆ ತಿದ್ದಿದ. ಮೂಲ ಇದ್ದವರು ಕೆಲವೇ ಜನ. ತಾಳೆ ನೋಡುವವರು ಯಾರು? ಪುಸ್ತಕ ಅಪರೂಪವಾದರೆ ಆಗುವುದು ಇದೇ. ಕವಿ ಯೇಟ್ಸ್, ಎಲಿಸ್ ಇಬ್ಬರೂ ಸೇರಿ 1893ರಲ್ಲಿ ಬ್ಲೇಕ್‌ನ ಕೃತಿಗಳ ಮೂರು ಸಂಪುಟ ತಂದರು. ಅದರಲ್ಲೂ ತಿದ್ದುಪಡಿಗಳಿದ್ದವು.

ಬ್ಲೇಕ್‌ಗೆ ತನ್ನ ಪುಸ್ತಕ ಅಪರೂಪವಾಗಿದ್ದರಿಂದ ಸುಖವಿತ್ತೇ? 'ಜೆರೂಸಲೆಂ' ಕಾವ್ಯದ ನೂರು ಪುಟಗಳ ಒಂದು ಪ್ರತಿ ಮುಗಿಸಿ, ಇದಕ್ಕೆ ಗಿರಾಕಿ ಸಿಗುವುದು ಕಷ್ಟ ಅಂತ 1827ರ ಏಪ್ರಿಲ್‌ನಲ್ಲಿ ಗೆಳೆಯನಿಗೆ ಬರೆದ. ಆಗಸ್ಟ್‌ನಲ್ಲಿ ತೀರಿಕೊಂಡ.

ನೂರೇ ಪ್ರತಿ ಅನ್ನಬೇಡಿ, ದಯವಿಟ್ಟು. ಈಗಲೇ ನಂಬರು ಹಾಕಿ, ಸಹಿ ಹಾಕಿ, ಸಾವಿರಾರು ರೂಪಾಯಿಗೆ ಮಾರುವ ಸಂಕಲನಗಳು ಜಾಸ್ತಿಯಾಗಿವೆ. ಹಾಸ್ಟೆಲಿನ ಹುಡುಗಿ ಅದನ್ನು ಹೇಗೆ ಕೊಳ್ಳಬೇಕು? ಗ್ರಂಥಾಲಯಕ್ಕೆ ಹೋದರೆ ಬೀಗ ಹಾಕಿದ ಬೀರು. ನಾನು ಓದುವಾಗ ಗಾಜಿನ ಆಚೆ ಇದ್ದ ಒಂದು ಹಳೆಯ ಸಂಕಲನಕ್ಕಾಗಿ ಮೂರು ಸಲ ಹೋಗಿದ್ದೆ. ಮುಟ್ಟೋ ಹಾಗಿಲ್ಲ ಅಂದರು. ಕೊನೆಗೆ ನಮ್ಮ ಮೇಷ್ಟ್ರು ತಮ್ಮ ಪ್ರತಿ ಎರಡು ರಾತ್ರಿಗೆ ಕೊಟ್ಟರು. ನಲವತ್ತು ಪದ್ಯ ನಕಲು ಮಾಡಿಕೊಂಡೆ. ಆ ನೋಟ್‌ಬುಕ್ಕು ಈಗಲೂ ನನ್ನ ಮೇಜಿನ ಮೇಲಿದೆ. ಈ ಕಡೆ ಬಂದಾಗ ಕಚೇರಿಗೆ ಬನ್ನಿ, ತೋರಿಸುತ್ತೇನೆ. ಬೇಕಾದ್ದನ್ನು ಬರೆದುಕೊಂಡು ಹೋಗಿ.