ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ತೂಕ ಇಳಿಯದಿದ್ದರೆ ಡೋಸ್ ಹೆಚ್ಚಿಸಬೇಕೇ?

ಹೈಪೋಥೈರಾಯ್ಡ್ (ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸದ ತೊಂದರೆ) ಇದೆಯೆಂದು ತಿಳಿದು ಒಂದು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಈಚಿನ ವರದಿಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವ ಹಾರ್ಮೋನಿನ ರಕ್ತಪರೀಕ್ಷೆ) 3.1, ಅಂದರೆ ಸಾಮಾನ್ಯ ಮಿತಿಯೊಳಗೇ ಬಂದಿದೆ, ಆದರೂ ಏರಿದ 12 ಕಿಲೋ ತೂಕ ಇಳಿಯುತ್ತಿಲ್ಲ, ಆದ್ದರಿಂದ ವೈದ್ಯರಿಗೆ ಹೇಳಿ ಡೋಸ್ ಹೆಚ್ಚಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಹಲವು ವರ್ಷಗಳಿಂದ ಇದೇ ತೊಂದರೆಯೊಂದಿಗೆ ಬದುಕುತ್ತಾ, ತೂಕವನ್ನೂ ನಿಧಾನವಾಗಿ ಇಳಿಸಿಕೊಂಡವಳು. ತೂಕ ಇಳಿಸುವುದಕ್ಕಾಗಿಯೇ ಡೋಸ್ ಹೆಚ್ಚಿಸಿಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಉತ್ತರ. ತೂಕ ಇಳಿಸಲು ಸಾಧ್ಯವೇ ಎಂದರೆ, ಖಂಡಿತ ಸಾಧ್ಯ.

ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ದೇಹ ಶಕ್ತಿಯನ್ನು ಖರ್ಚು ಮಾಡುವ ವೇಗ ತಗ್ಗುತ್ತದೆ ಎಂಬುದು ನಿಜ. ಆದರೆ ನೇರವಾಗಿ ಇದೊಂದರಿಂದಲೇ ಏರುವ ತೂಕ ಸಾಮಾನ್ಯವಾಗಿ 2ರಿಂದ 4.5 ಕಿಲೋ ಎಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಹೇಳುತ್ತದೆ. ಅದರಲ್ಲಿಯೂ ಹೆಚ್ಚಿನ ಪಾಲು ದೇಹದಲ್ಲಿ ನಿಂತ ಉಪ್ಪು ಮತ್ತು ನೀರಿನದು. ಟಿಎಸ್‌ಎಚ್ ಸರಿಹೋದ ಮೇಲೆ ಈ ಭಾಗ ಬಹುಮಟ್ಟಿಗೆ ತಾನಾಗಿಯೇ ಹೋಗುತ್ತದೆ. ಉಳಿದದ್ದು ಕೊಬ್ಬು. ಕಾಯಿಲೆ ಪತ್ತೆಯಾಗುವ ಮೊದಲಿನ ತಿಂಗಳುಗಳಲ್ಲಿ ಸುಸ್ತು, ಮೈಕೈ ನೋವು, ಎಷ್ಟು ಮಲಗಿದರೂ ತೀರದ ನಿದ್ದೆಯಿಂದ ಓಡಾಟ ಕಡಿಮೆಯಾಗಿ ಸೇರಿಕೊಂಡದ್ದು ಅದು. ಅದಕ್ಕಾಗಿ ನಿಮ್ಮನ್ನು ಸೋಮಾರಿ ಎಂದು ಯಾರಾದರೂ ಅಂದರೆ ದಯವಿಟ್ಟು ನಂಬಬೇಡಿ. ಆದರೆ ಆ ಕೊಬ್ಬನ್ನು ಕರಗಿಸುವ ಕೆಲಸ ಮಾತ್ರೆಯಿಂದ ಆಗುವಂಥದ್ದಲ್ಲ. ಅಗತ್ಯಕ್ಕಿಂತ ಹೆಚ್ಚು ಹಾರ್ಮೋನು ತೆಗೆದುಕೊಂಡರೆ ಎದೆಬಡಿತ ಏರುತ್ತದೆ, ಕೈ ನಡುಗುತ್ತದೆ, ನಿದ್ದೆ ಕೆಡುತ್ತದೆ. ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ತೆಳುವಾಗುತ್ತದೆ. ಬೊಜ್ಜು ಇಳಿಸಲು ಈ ಔಷಧಿಯನ್ನು ಬಳಸಬಾರದು ಎಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ಔಷಧಿಯ ಮಾಹಿತಿಪತ್ರದ ಆರಂಭದಲ್ಲಿಯೇ ಚೌಕಟ್ಟು ಹಾಕಿ ಮುದ್ರಿಸುತ್ತಾರೆ.

ಡೋಸಿಗಿಂತ ಮೊದಲು ನೋಡಬೇಕಾದದ್ದು, ಈಗಿನ ಮಾತ್ರೆ ಪೂರ್ತಿಯಾಗಿ ಮೈಗೆ ಹತ್ತುತ್ತಿದೆಯೇ ಎಂಬುದನ್ನು. ಈ ಮಾತ್ರೆಯನ್ನು, ಅಂದರೆ ಲೆವೊಥೈರಾಕ್ಸಿನ್ ಅನ್ನು, ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ತೆಗೆದುಕೊಂಡು, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ನಮ್ಮ ಮನೆಗಳಲ್ಲಿ ಎದ್ದ ಕೂಡಲೇ ಫಿಲ್ಟರ್ ಕಾಫಿ ಸಿದ್ಧವಾಗಿರುತ್ತದೆ. ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೆ ಔಷಧಿ ಹೀರಿಕೆಯಾಗುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಕೂಡ ಇದನ್ನು ತಡೆಯುವುದರಿಂದ ಹಾಲು ಬೆರೆಸಿದ ರಾಗಿ ಮಾಲ್ಟನ್ನೂ ತಿಂಡಿಯ ಹೊತ್ತಿಗೇ ಇಟ್ಟುಕೊಳ್ಳಿ. 100 ಗ್ರಾಂ ರಾಗಿಯಲ್ಲಿಯೇ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣಾಂಶದ ಮಾತ್ರೆಗಳಿಗೆ 4 ಗಂಟೆಗಳ ಅಂತರ ಬೇಕು. ನಾನು ಮಾತ್ರೆಯ ಸೀಸೆಯನ್ನು ಬಿಸಿಲೂ ತೇವವೂ ತಾಗದಂತೆ ಹಾಸಿಗೆಯ ಪಕ್ಕದ ಡ್ರಾಯರಿನಲ್ಲಿ ಇಡುತ್ತೇನೆ. ಬೆಳಿಗ್ಗೆ ಎಚ್ಚರವಾದಾಗ ನುಂಗಿಬಿಟ್ಟರೆ, ಸ್ನಾನ ಮುಗಿಸಿ ಅಡುಗೆಮನೆಗೆ ಹೋಗುವಷ್ಟರಲ್ಲಿ ಕಾಯುವ ಹೊತ್ತು ಕಳೆದಿರುತ್ತದೆ. ಇನ್ನೊಂದು ಮಾತು: ಕೂದಲು ಉದುರುತ್ತದೆಂದು ನಮ್ಮಲ್ಲಿ ಅನೇಕರು ಬಯೋಟಿನ್ ಎಂಬ ವಿಟಮಿನ್ ಸೇವಿಸುತ್ತಾರೆ. ಕೆಲವು ಪರೀಕ್ಷಾ ವಿಧಾನಗಳಲ್ಲಿ ಅದು ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಆದ್ದರಿಂದ ರಕ್ತ ಕೊಡುವ ಮುನ್ನ ಕನಿಷ್ಠ 2 ದಿನ ಅದನ್ನು ನಿಲ್ಲಿಸಬೇಕು. ಮಾತ್ರೆಯ ಕ್ರಮ ಬದಲಿಸಿದರೆ 6ರಿಂದ 8 ವಾರ ಬಿಟ್ಟು ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಈ ಔಷಧಿಯ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕಾಗುವುದರಿಂದ ಅದಕ್ಕೂ ಮೊದಲು ಬರುವ ಅಂಕಿ ನಿಜಸ್ಥಿತಿಯನ್ನು ಹೇಳುವುದಿಲ್ಲ.

ಊಟದ ವಿಷಯದಲ್ಲಿ, ಥೈರಾಯ್ಡ್ ತೊಂದರೆಗೆ ಆಗದೆಂದು ಎಲೆಕೋಸು, ಹೂಕೋಸು ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬೇಯಿಸಿ ಮಿತವಾಗಿ ತಿಂದರೆ ತೊಂದರೆಯಿಲ್ಲ. ಅನ್ನ ಬಿಟ್ಟು ಮುದ್ದೆ ತಿಂದರೆ ತೂಕ ಇಳಿಯುತ್ತದೆ ಎಂಬ ನಂಬಿಕೆಯ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಬೇಕು, ಏಕೆಂದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320, ಅಷ್ಟೇ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದು, ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ರಾಗಿಯ ನಾರು ಹೊಟ್ಟೆ ತುಂಬಿಸುತ್ತದೆ, ಅದು ಅದರ ಗುಣ. ಆದರೆ ಮುದ್ದೆ ಎರಡರಿಂದ ಒಂದಕ್ಕೆ ಇಳಿದು, ಅದರ ಜೊತೆಗಿನ ಮಸ್ಸೊಪ್ಪು, ಹುರುಳಿಕಾಳು, ಮೊಳಕೆ ಹೆಸರುಕಾಳು, ಮೊಸರು ಅಥವಾ ಮೊಟ್ಟೆ ಹೆಚ್ಚಿದಾಗಲೇ ನನ್ನ ತೂಕದಲ್ಲಿ ಬದಲಾವಣೆ ಕಂಡಿತು. ನಮ್ಮ ತಟ್ಟೆಯಲ್ಲಿ ಪ್ರೋಟೀನಿಗೆ ಜಾಗ ತೀರಾ ಕಡಿಮೆ. ಎಣ್ಣೆಯನ್ನೂ ಅಳೆದು ಹಾಕಿ. ಊಟದ ಒಂದು ದೊಡ್ಡ ಚಮಚದಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಒಗ್ಗರಣೆಗೆ ಸುರಿಯುವಾಗ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ತಿಂಗಳಿಗೆ 1ರಿಂದ 2 ಕಿಲೋ ಇಳಿದರೆ ತೃಪ್ತಿಪಡಿ. ಉಪವಾಸ ಮಾಡಿ ವೇಗವಾಗಿ ಇಳಿಸಿದವರಲ್ಲಿ ಸ್ನಾಯುವೂ ಸವೆದು ಸುಸ್ತು ಮತ್ತೆ ಹೆಚ್ಚುತ್ತದೆ.

ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ ಮಾಡಿ: ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಕೊಟ್ಟು ಮಾಡುವ ದಂಡ, ಸಣ್ಣ ಡಂಬೆಲ್ ಎತ್ತುವುದು ಸಾಕು. ಟಿಎಸ್‌ಎಚ್ ಹತೋಟಿಗೆ ಬರುವ ಮೊದಲು ಸ್ನಾಯು ಹಿಡಿತ ಸಾಮಾನ್ಯವಾದ್ದರಿಂದ ಕಠಿಣ ವ್ಯಾಯಾಮ ಬೇಡ, ಆದರೆ ನಿಮ್ಮ ವರದಿಯ ಪ್ರಕಾರ ಆ ಅಡ್ಡಿ ಈಗ ಇರಲಾರದು.

ಮೂರು ತಿಂಗಳು ಹೀಗೆ ನಡೆದುಕೊಂಡ ಮೇಲೂ ತಕ್ಕಡಿಯ ಮುಳ್ಳು ಅಲುಗದಿದ್ದರೆ ಪಿಸಿಒಎಸ್ (ಹೆಂಗಸರ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ತೊಂದರೆ), ಸಕ್ಕರೆ ಕಾಯಿಲೆಯ ಮುನ್ಸೂಚನೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರೆಯ ತೊಂದರೆ, ಸ್ಟೀರಾಯ್ಡಿನಂಥ ಬೇರೆ ಔಷಧಿಗಳು, ಇವುಗಳ ಬಗ್ಗೆ ವೈದ್ಯರೊಂದಿಗೆ ಬಿಡಿಸಿ ಮಾತನಾಡಿ. ಗರ್ಭ ಧರಿಸುವ ಯೋಚನೆಯಿದ್ದರೆ ಅದನ್ನು ಮೊದಲೇ ಹೇಳಿ, ಆಗ ಡೋಸ್ ಹೆಚ್ಚಿಸಬೇಕಾಗಿ ಬರುವುದು ಸಾಮಾನ್ಯ. ಹಾಗೆಯೇ ಗಣನೀಯವಾಗಿ ತೂಕ ಇಳಿದಾಗ ಮತ್ತೆ ಟಿಎಸ್‌ಎಚ್ ನೋಡಿಸಿ. ಈ ಮಾತ್ರೆಯ ಪ್ರಮಾಣವನ್ನು ದೇಹದ ತೂಕಕ್ಕೂ ಹೊಂದಿಸಿ ನಿರ್ಧರಿಸುವುದರಿಂದ, ಆಗ ನಿಮ್ಮ ಡೋಸನ್ನು ವೈದ್ಯರು ಇಳಿಸಬೇಕಾಗಬಹುದು.