ಬಿಸಿಲಿನ ದಿನಕ್ಕೆ ವೈನ್ ಆರಿಸುವಾಗ ಮೊದಲು ಹುಳಿ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಬೇಸಿಗೆಯ ಮಧ್ಯಾಹ್ನ ಮನೆಗೆ ಜನ ಬರುತ್ತಾರೆ. ಗ್ರಿಲ್ ಮಾಡಿದ ಮೀನು, ಸಲಾಡ್, ಖಾರದ ಕೋಳಿ, ಕೊನೆಗೆ ಹಣ್ಣು ಇದೆ. ಯಾವಾಗಲೂ ತರುವ ಗಟ್ಟಿ ಕೆಂಪು ವೈನ್ ಈ ಸೆಖೆಯಲ್ಲಿ ಭಾರ ಅನ್ನಿಸುತ್ತದೆ. ಬದಲಿಗೆ ಏನು ತರಬೇಕು?

ಹುಳಿ ಜಾಸ್ತಿ, ಆಲ್ಕೋಹಾಲ್ ಕಡಿಮೆ ಇರುವುದನ್ನು ತನ್ನಿ. ಬಣ್ಣದ ವಿಚಾರ ಆಮೇಲೆ. ಚೆನ್ನಾಗಿ ತಣ್ಣಗೆ ಮಾಡಿದರೆ ಯಾವ ವೈನ್ ಆದರೂ ಬೇಸಿಗೆಗೆ ನಡೆಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಆದರೆ ಗ್ಲಾಸಿಗೆ ಬಗ್ಗಿಸಿದ ಸ್ವಲ್ಪ ಹೊತ್ತಿಗೇ ಆ ತಂಪು ಇಳಿದುಹೋಗುತ್ತದೆ, ಉಳಿಯುವುದು ಹುಳಿ ಮಾತ್ರ. ಹುಳಿ ನಾಲಿಗೆಗೆ ತಾಗಿದ ಕೂಡಲೇ ಬಾಯಲ್ಲಿ ನೀರೂರುತ್ತದಲ್ಲ, ಹಾಯ್ ಅನ್ನಿಸುವುದು ಅದರಿಂದಲೇ. 14.5% ಆಲ್ಕೋಹಾಲ್ ಇರುವ ವೈನ್ ಸ್ವಲ್ಪ ಬೆಚ್ಚಗಾದರೂ ಸಾಕು, ಹಣ್ಣಿನ ಪರಿಮಳಕ್ಕಿಂತ ಮೊದಲು ಆಲ್ಕೋಹಾಲಿನ ಘಾಟು ಮೂಗಿಗೆ ಬರುತ್ತದೆ. ನಿಮಗೆ ಭಾರ ಅನ್ನಿಸಿದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಹಾಗಾಗಿ ಅಂಗಡಿಯಲ್ಲಿ ಬಾಟಲಿ ತಿರುಗಿಸಿ ಆಲ್ಕೋಹಾಲ್ ಎಷ್ಟು ಅಂತ ಓದಿ. 12.5% ಒಳಗಿದ್ದರೆ ಒಳ್ಳೆಯದು. ಆಮೇಲೆ ಇಸವಿ ನೋಡಿ. ಇಂಥ ಹಗುರ ವೈನ್‌ಗಳನ್ನು ಹೊಸದಿದ್ದಾಗಲೇ ಕುಡಿಯಲಿ ಅಂತ ಮಾಡಿರುತ್ತಾರೆ, ಹಳೆಯದಾದಷ್ಟೂ ಹೆಚ್ಚಿನವು ಸಪ್ಪೆಯಾಗುತ್ತಾ ಹೋಗುತ್ತವೆ. ಓಕ್ ಪೀಪಾಯಿಯ ಬಗ್ಗೆ, ಬೆಣ್ಣೆಯಂಥ ರುಚಿಯ ಬಗ್ಗೆ ಲೇಬಲ್ ಮೇಲೆ ಬರೆದಿದ್ದರೆ ಅದನ್ನು ಚಳಿಗಾಲಕ್ಕೆ ಬಿಡಿ. ಬೆಣ್ಣೆಯಂಥ ರುಚಿ ಬರುವುದು ಬ್ಯಾಕ್ಟೀರಿಯಾ ವೈನಿನಲ್ಲಿರುವ ಚುರುಕಾದ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲ ಮಾಡಿದಾಗ. ಅಂದರೆ ನಮಗೆ ಬೇಕಾದ ಹುಳಿಯೇ ಅಲ್ಲಿ ಕಡಿಮೆಯಾಗಿರುತ್ತದೆ.

ಈಗ ಮೀನು. ನನ್ನ ಮೊದಲ ಆಯ್ಕೆ ಮಸ್ಕಡೇ, ಫ್ರಾನ್ಸಿನ ಲ್ವಾರ್ ನದಿ ಅಟ್ಲಾಂಟಿಕ್ ಸಾಗರ ಸೇರುವ ಕಡೆಯ ಬಿಳಿ ವೈನ್. ಲೇಬಲ್ ಮೇಲೆ 'ಸುರ್ ಲೀ' ಅಂತ ಇರುವುದನ್ನೇ ಹುಡುಕಿ. ಹುದುಗಿದ ಮೇಲೆ ತಳಕ್ಕಿಳಿದ ಯೀಸ್ಟನ್ನು ತೆಗೆಯದೆ ಚಳಿಗಾಲ ಪೂರ್ತಿ ವೈನನ್ನು ಅದರ ಮೇಲೇ ಇಟ್ಟಿರುತ್ತಾರೆ, ಆದ್ದರಿಂದ ಆಲ್ಕೋಹಾಲ್ ಕಡಿಮೆ ಇದ್ದರೂ ನೀರು ನೀರು ಅನ್ನಿಸುವುದಿಲ್ಲ. ಒಂದು ತುತ್ತು ಮೀನು ತಿಂದು ಒಂದು ಗುಟುಕು ಕುಡಿದು ನೋಡಿ. ಎಣ್ಣೆಯ ಜಿಡ್ಡು ನಾಲಿಗೆಯಿಂದ ತೊಳೆದುಹೋಗುತ್ತದೆ, ತುದಿಯಲ್ಲಿ ಒಂಚೂರು ಉಪ್ಪಿನಂಥ ರುಚಿ ನಿಲ್ಲುತ್ತದೆ, ಮೀನಿನ ಮೇಲೆ ನಿಂಬೆ ಹಿಂಡಿದ ಹಾಗೆ. ಮಸ್ಕಡೇ ಸಿಗದಿದ್ದರೆ ಸ್ಪೇನಿನ ಅಲ್ಬಾರಿನ್ಯೊ, ಅದೂ ಇಲ್ಲದಿದ್ದರೆ ಪೋರ್ಚುಗಲ್‌ನ ವಿನ್ಯೊ ವೆರ್ದೆ. ಎಣ್ಣೆ ಅಂಶ ಇರುವ ಮೀನಿನ ಜೊತೆ ಒಗರು ಕೆಂಪು ವೈನ್ ಮಾತ್ರ ಬೇಡ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿಗೆ ಸೇರಿ ಬಾಯಲ್ಲಿ ವಾಸನೆ ಎಬ್ಬಿಸುತ್ತದೆ. ಮೀನು ಎಷ್ಟೇ ತಾಜಾ ಇದ್ದರೂ ಹಾಗಾಗಬಹುದು, ಪಾಪ ಅಡುಗೆ ಮಾಡಿದವರಿಗೆ ಕೆಟ್ಟ ಹೆಸರು.

ಸಲಾಡಿಗೆ ವಿನೆಗರ್ ಇಲ್ಲವೇ ನಿಂಬೆ ಹಾಕಿರುತ್ತೀರಿ ಅಲ್ವಾ? ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಬರೀ ಸಪ್ಪೆ ಅನ್ನಿಸುತ್ತದೆ. ಇಲ್ಲಿಗೆ ಸೊವಿನ್ಯಾನ್ ಬ್ಲಾಂಕ್ ಸರಿ, ಹಸಿ ಸೊಪ್ಪಿನ ಪರಿಮಳ ಅದರಲ್ಲೇ ಇರುತ್ತದೆ. ಸಲಾಡಿನಲ್ಲಿ ಮೇಕೆ ಹಾಲಿನ ಚೀಸ್ ಇದ್ದರಂತೂ ಬೇರೆ ಯೋಚನೆಯೇ ಬೇಡ. ಸೊವಿನ್ಯಾನ್ ಬ್ಲಾಂಕ್‌ಗೆ ಹೆಸರಾದ ಫ್ರಾನ್ಸಿನ ಸಾನ್ಸೇರ್ ವೈನ್ ಮಾಡುವ ಊರುಗಳಲ್ಲಿ ಶಾವಿನ್ಯೋಲ್ ಕೂಡ ಒಂದು, ಆ ಊರು ಮೇಕೆ ಚೀಸಿಗೂ ಹೆಸರುವಾಸಿ.

ಖಾರದ ಕೋಳಿಯ ವಿಷಯದಲ್ಲಿ ಹುಷಾರಾಗಿರಬೇಕು. ಆಲ್ಕೋಹಾಲ್ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ, ಒಗರು ಇನ್ನೂ ಹೆಚ್ಚಿಸುತ್ತದೆ. ಸಿಹಿ ಮಾತ್ರ ತಗ್ಗಿಸುತ್ತದೆ. ಹಾಗಾಗಿ ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್, ಅದರಲ್ಲೂ ಕಬಿನೆಟ್ ಅಂತ ಬರೆದಿರುವುದು ತನ್ನಿ. ಸಿಹಿ ಇದೆ ಅಂತ ಹಿಂಜರಿಯಬೇಡಿ, ಅದರ ಹುಳಿ ಎಷ್ಟು ಚುರುಕು ಅಂದರೆ ಗಂಟಲಿಗೆ ಇಳಿಯುವ ಹೊತ್ತಿಗೆ ಸಿಹಿ ಅಂಟಿಕೊಂಡಿರುವುದೇ ಇಲ್ಲ. ಒಂದು ಎಚ್ಚರಿಕೆ: ಕಬಿನೆಟ್‌ಗಳಲ್ಲಿ ಸಿಹಿ ಇಲ್ಲದವೂ ಇವೆ. ಅದನ್ನೂ ಆಲ್ಕೋಹಾಲ್ ಸಂಖ್ಯೆ ನೋಡಿಯೇ ಕಂಡುಹಿಡಿಯಬಹುದು. 8 ಅಥವಾ 9% ಇದ್ದರೆ ದ್ರಾಕ್ಷಿಯ ಸಕ್ಕರೆ ಪೂರ್ತಿ ಹುದುಗಿಲ್ಲ, ಸಿಹಿ ಉಳಿದಿದೆ ಅಂತ ಅರ್ಥ. 11–12% ಇದ್ದರೆ ಹೆಚ್ಚುಕಮ್ಮಿ ಎಲ್ಲ ಸಕ್ಕರೆಯೂ ಆಲ್ಕೋಹಾಲ್ ಆಗಿದೆ, ಖಾರಕ್ಕೆ ಅದು ಅಷ್ಟು ಹೊಂದುವುದಿಲ್ಲ.

ಇಷ್ಟೆಲ್ಲ ಬಗೆ ತರುವುದು ಕಷ್ಟ, ಒಂದೇ ಬಗೆ ಸಾಕು ಅಂದರೆ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಕಡೆಯ ತಿಳಿ ಗುಲಾಬಿ ಬಣ್ಣದ ರೋಸೆ ತನ್ನಿ. ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ರಸದ ಜೊತೆ ಕೆಲವೇ ಗಂಟೆ ಇಟ್ಟು ತೆಗೆದಿರುತ್ತಾರೆ, ಆದ್ದರಿಂದ ಒಗರು ಇರುವುದಿಲ್ಲ, ಮೀನಿಗೂ ಕೋಳಿಗೂ ನಡೆಯುತ್ತದೆ. ಗುಲಾಬಿ ಬಣ್ಣ ಕಂಡು ಸಿಹಿ ಅಂದುಕೊಳ್ಳಬೇಡಿ, ಬಣ್ಣಕ್ಕೂ ಸಿಹಿಗೂ ಸಂಬಂಧ ಇಲ್ಲ.

ಕೆಂಪೇ ಬೇಕು ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಗಮೇ ದ್ರಾಕ್ಷಿಯ ಹಗುರ ಕೆಂಪು ವೈನ್ ಬೋಜೊಲೆ ಕೊಡಿ, ಅದೂ 12–14 ಡಿಗ್ರಿಗೆ ತಣ್ಣಗೆ ಮಾಡಿ. ಗಟ್ಟಿ ಕೆಂಪನ್ನು ಹೀಗೆ ಮಾಡಲು ಹೋಗಬೇಡಿ, ತಣ್ಣಗಾದಷ್ಟೂ ಒಗರು ಎದ್ದು ಬಂದು ಕಹಿಯಾಗುತ್ತದೆ.

ಹಣ್ಣಿನ ಜೊತೆ ವೈನ್ ಹಣ್ಣಿಗಿಂತ ಒಂದು ಕೈ ಜಾಸ್ತಿ ಸಿಹಿ ಇರಬೇಕು. ಇಟಲಿಯ ಮೊಸ್ಕಾತೊ ದಾಸ್ತಿ ಆಗಬಹುದು, 5% ಆಸುಪಾಸಿನ ಆಲ್ಕೋಹಾಲ್, ಸಣ್ಣ ಗುಳ್ಳೆ. ಹೊಟ್ಟೆ ತುಂಬಿದ ಮೇಲೂ ಹಗುರವಾಗಿ ಇಳಿಯುತ್ತದೆ.

ತಣ್ಣಗೆ ಮಾಡುವ ವಿಚಾರಕ್ಕೆ ಬಂದರೆ, ಬರೀ ಐಸ್ ತುಂಬಿದ ಬಕೆಟ್ಟಿನಲ್ಲಿ ಬಾಟಲಿ ಇಟ್ಟರೆ ಐಸ್ ಅಲ್ಲಲ್ಲಿ ಮಾತ್ರ ತಾಗುತ್ತದೆ, ನಡುವೆ ಗಾಳಿ. ಅರ್ಧ ಐಸ್, ಅರ್ಧ ನೀರು ಹಾಕಿ ಕತ್ತಿನವರೆಗೆ ಮುಳುಗಿಸಿ, ಒಂದು ಹಿಡಿ ಉಪ್ಪು ಹಾಕಿ. 15–20 ನಿಮಿಷ ಸಾಕು. ಬಿಳಿ ಮತ್ತು ರೋಸೆ 8–10 ಡಿಗ್ರಿ ಇದ್ದರೆ ಸರಿ, ಅದಕ್ಕಿಂತ ತೀರಾ ತಣ್ಣಗಾದರೆ ಪರಿಮಳ ಏನೂ ಗೊತ್ತಾಗುವುದಿಲ್ಲ. ಗ್ಲಾಸಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ತುಂಬಾ ಹಾಕಿದರೆ ಅರ್ಧ ಕುಡಿಯುವಷ್ಟರಲ್ಲಿ ಬೆಚ್ಚಗಾಗುತ್ತದೆ. ಮೇಜಿನ ಮೇಲೆ ಕುಡಿಯುವ ನೀರು ಧಾರಾಳವಾಗಿ ಇಡಿ, ಆಲ್ಕೋಹಾಲ್ ಮೈಯ ನೀರನ್ನು ಹೊರಗೆ ಹಾಕಿಸುತ್ತದೆ. ಮತ್ತೆ, ಅಂಗಡಿಯಿಂದ ತರುವಾಗ ಬಿಸಿಲಿಗೆ ನಿಂತ ಕಾರಿನಲ್ಲಿ ಬಾಟಲಿ ಬಿಡಲೇಬೇಡಿ, ಒಳಗಿನ ಸೆಖೆಗೆ ಈ ಸೂಕ್ಷ್ಮ ಪರಿಮಳವೆಲ್ಲ ಬೆಂದುಹೋಗುತ್ತದೆ.

ಕೋಳಿಗೆ ಹಚ್ಚುವ ಮಸಾಲೆಯಲ್ಲಿ ಜೇನು, ಸಕ್ಕರೆ ಏನಾದರೂ ಇದೆಯಾ? ಇದ್ದರೆ ಕಬಿನೆಟ್ ಬದಲು ಇನ್ನೊಂದು ಮೆಟ್ಟಿಲು ಸಿಹಿಯಾದ ಶ್ಪೆಟ್‌ಲೇಸೆ ತನ್ನಿ.